ಬಿ.ಬಿ. ಕಪ್ ಮನೆಯಲ್ಲೇ ಬಿಚ್ಚಬೇಕಾ? ಯಾವ ಕಪ್ಪಿಗೆ ಯಾವ ಟೂಲ್ ಸರಿ

ಚಿಕ್ಕಮಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಅಕ್ಟೋಬರ್ ಎಂದರೆ ರಿಪೇರಿ ತಿಂಗಳು. ಜೂನ್‌ನಿಂದ ಸುರಿದ ಮಳೆ, ಎಸ್ಟೇಟ್ ದಾರಿಯ ಕೆಂಪು ಕೆಸರು, ಎರಡೂ ಕೊನೆಗೆ ಇಳಿದು ಸೇರುವುದು ಸೈಕಲ್ಲಿನ ಒಂದೇ ಜಾಗಕ್ಕೆ. ಅದು ಫ್ರೇಮಿನ ತಳದಲ್ಲಿ, ಎರಡು ಪೆಡಲ್‌ಗಳ ನಡುವೆ ಇರುವ ಅಡ್ಡ ಕೊಳವೆ. ಅಂಗಡಿಯವರು ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ ಅನ್ನುತ್ತಾರೆ. ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಶುರುವಾದ ಕೂಡಲೇ ಕಾಲ ಕೆಳಗೆ ಕಟ್ ಕಟ್ ಅಂತ ಸದ್ದು ಬಂದರೆ ಮೊದಲ ಅನುಮಾನ ಅಲ್ಲಿಗೇ ಹೋಗುತ್ತದೆ.

ಆ ಶೆಲ್ಲಿನ ಎರಡೂ ಬದಿಗೆ ತಿರುಪಿ ಕೂರಿಸಿರುವ, ಬೇರಿಂಗ್ ಹಿಡಿದಿಡುವ ಕಪ್‌ಗಳನ್ನು ಮನೆಯಲ್ಲೇ ಬಿಚ್ಚಿ ಹಾಕಬಹುದಾ? ಯಾವ ಟೂಲ್ ಕೊಳ್ಳಬೇಕು? ಯಾವಾಗ ಅಂಗಡಿಗೆ ಕೊಡುವುದೇ ಸರಿ? ಹನ್ನೆರಡು ವರ್ಷದಿಂದ ಮನೆಯವರ, ಅಕ್ಕಪಕ್ಕದವರ ಸೈಕಲ್‌ಗಳನ್ನು ಬಿಚ್ಚಿ ಜೋಡಿಸುತ್ತಾ ನನಗೆ ಗಟ್ಟಿಯಾದ ಮಾತು ಒಂದಿದೆ. ಕಪ್ ಹಾಳಾಗುವುದು ಟೂಲ್ ಜಾರಿದಾಗ. ಎರಡು ದಾರಿ ಇದ್ದರೆ, ಟೂಲ್ ಕಪ್ಪಿಗೆ ಕಚ್ಚಿಕೊಂಡು ಅಲ್ಲಾಡದೆ ಕೂರುವ ದಾರಿಯನ್ನೇ ಹಿಡಿಯಿರಿ. ಹಿಡಿ ಎಷ್ಟು ಉದ್ದ, ಯಾವ ಕಂಪನಿಯದು ಅನ್ನುವುದೆಲ್ಲ ಆಮೇಲೆ.

ಮೊದಲು ಸದ್ದು ಎಲ್ಲಿಂದ ಅಂತ ನೋಡಿ

ಕಪ್ಪಿಗೆ ಕೈ ಹಾಕುವ ಮೊದಲು ಹತ್ತು ನಿಮಿಷ ಕೊಡಿ. ಚೈನನ್ನು ಚೈನ್ ವೀಲಿನಿಂದ ಇಳಿಸಿ ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ಸುತ್ತಿಸಿ. ಮರಳು ಅರೆದ ಹಾಗೆ ಕೈಗೆ ಗೊತ್ತಾದರೆ ಬೇರಿಂಗ್ ಸವೆದಿದೆ. ಆಮೇಲೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಆಡಿದರೆ ಬಿ.ಬಿ. ಸಡಿಲ. ಒಂದೇ ಆಡಿದರೆ ಆ ಕ್ರ್ಯಾಂಕಿನ ಬೋಲ್ಟೋ ಕಾಟರ್ ಪಿನ್ನೋ (ಕ್ರ್ಯಾಂಕನ್ನು ಆಕ್ಸಲಿಗೆ ಹಿಡಿಸುವ ಅಡ್ಡ ಪಿನ್) ಸಡಿಲ, ಕಪ್ಪಿನ ತಪ್ಪಿಲ್ಲ. ಸೀಟಿನಿಂದ ಎದ್ದು ತುಳಿದಾಗ ಸದ್ದು ನಿಂತರೆ ಸೀಟ್ ಪೋಸ್ಟ್ ನೋಡಿ. ನಮ್ಮ ಮನೆಯ ಒಂದು ಸೈಕಲ್ಲಿನ ಸದ್ದು ಪೆಡಲ್ ಬಿಚ್ಚಿ, ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕಿದ್ದಕ್ಕೇ ಹೋಯಿತು.

ಬಲಗಡೆಯದು ಉಲ್ಟಾ ಥ್ರೆಡ್

ಟೂಲ್ ವಿಷಯಕ್ಕೆ ಹೋಗುವ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು. ಮೊದಲ ಸಲ ನಾನು ಬಲಗಡೆ ಕಪ್ಪನ್ನು ಮಾಮೂಲಿ ಬೋಲ್ಟಿನ ಹಾಗೆ ತಿರುಗಿಸಲು ನೋಡಿದೆ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಅರ್ಧ ಗಂಟೆ ಎಳೆದೆ. ಕೊನೆಗೆ ತಳ್ಳಿಕೊಂಡು ಹಳೇ ಸೈಕಲ್ ಶಾಪೊಂದಕ್ಕೆ ಹೋದಾಗ ಅಲ್ಲಿದ್ದ ಹಿರಿಯರು, “ಏನಪ್ಪಾ, ಬಿಚ್ಚೋಕೆ ಹೋಗಿ ಇನ್ನೂ ಬಿಗಿ ಮಾಡ್ಕೊಂಡು ಬಂದಿದೀಯ. ಚೈನ್ ಕಡೆದು ಉಲ್ಟಾ ಕಣಪ್ಪಾ” ಅಂದರು. ಅದನ್ನು ಬಿಚ್ಚಲು ಅವರಿಗೂ ಬೆವರು ಬಂತು.

ನಮ್ಮಲ್ಲಿ ಓಡಾಡುವ ಬಹುಪಾಲು ಸೈಕಲ್‌ಗಳದ್ದು ಇಂಗ್ಲಿಷ್ ಥ್ರೆಡ್. ಬಿ.ಎಸ್.ಎ. ಥ್ರೆಡ್ ಅಂತಲೂ ಹೆಸರಿದೆ. ಅಳತೆ 1.37 ಇಂಚು, ಇಂಚಿಗೆ 24 ಸುತ್ತು. ಇದರಲ್ಲಿ ಎಡಗಡೆ ಕಪ್ ಮಾಮೂಲಿ, ಬಲಗಡೆ ಉಲ್ಟಾ. ಯಾಕೆ ಹೀಗೆ ಅಂದರೆ, ತುಳಿಯುವಾಗ ಬೇರಿಂಗ್ ಮೇಲಿನ ಭಾರ ಸುತ್ತುತ್ತಾ ಹೋಗುತ್ತದೆ. ಆ ಸುತ್ತು ಕಪ್ಪನ್ನು ಆಕ್ಸಲ್ ತಿರುಗುವ ಕಡೆಗೆ ವಿರುದ್ಧವಾಗಿ ಸ್ವಲ್ಪ ಸ್ವಲ್ಪವೇ ತಳ್ಳುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದಿದ್ದರೆ ತುಳಿತುಳಿದೇ ಕಪ್ ಕಳಚಿಕೊಳ್ಳುತ್ತಿತ್ತು.

ನೆನಪಿಗೆ ಒಂದು ಸುಲಭದ ದಾರಿ. ಸ್ಪ್ಯಾನರನ್ನು ಕಪ್ಪಿಗೆ ಹಾಕಿ, ಹಿಡಿಯನ್ನು ಮೇಲಕ್ಕೆ ನೆಟ್ಟಗೆ ನಿಲ್ಲಿಸಿ. ಯಾವ ಬದಿಯೇ ಆಗಲಿ, ಹಿಡಿಯನ್ನು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಚ್ಚುತ್ತದೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಗಿಯಾಗುತ್ತದೆ. ಪೆಡಲಿಗೆ ಮಾತ್ರ ಇದು ತಿರುಗಾ ಮುರುಗಾ. ಇನ್ನೊಂದು ಎಚ್ಚರ. ಹೊರದೇಶದ ಹಳೇ ರೇಸ್ ಸೈಕಲ್ ಇದ್ದರೆ ಕಪ್ಪಿನ ಮೇಲಿನ ಬರಹ ಓದಿ. 36 × 24 ಅಂತಿದ್ದರೆ ಅದು ಇಟಾಲಿಯನ್ ಥ್ರೆಡ್, ಎರಡೂ ಬದಿ ಮಾಮೂಲಿ.

ಕಾಟರ್ ಪಿನ್ ಸೈಕಲ್: ಇದಕ್ಕೇ ಜಾಸ್ತಿ ಯೋಚನೆ ಬೇಕು

ದೊಡ್ಡ ಕಪ್ಪು ಸೈಕಲ್, ಹಾಲಿನ ಕ್ಯಾನ್ ಹೊರುವ ಸೈಕಲ್, ಇವೆಲ್ಲ ಸಾಮಾನ್ಯವಾಗಿ ಈ ಜಾತಿ. ಸರ್ಕಾರ 2006-07ರಿಂದ ಎಂಟನೇ ಕ್ಲಾಸ್ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಲ್ಲಿ ನಮ್ಮ ಅತ್ತಿಗೆಯ ಮಗಳಿಗೆ ಸಿಕ್ಕಿದ್ದೂ ಇಂಥದ್ದೇ. ಈಗಲೂ ತೋಟಕ್ಕೆ ಹೋಗಿ ಬರುತ್ತದೆ.

ಮೊದಲು ಕಾಟರ್ ಪಿನ್. ಸುತ್ತಿಗೆಯೋ, ಪ್ರೆಸ್ಸೋ? ತಿರುಪಿ ಒತ್ತುವ ಪ್ರೆಸ್ ಇದ್ದರೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಒಂದು ಮನೆಗೆ ಒಂದು ಸೈಕಲ್ ಅಂದರೆ ಸುತ್ತಿಗೆ ಸಾಕು. ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಸಡಿಲಿಸಿ. ಹೊಡೆತ ಬಿದ್ದಾಗ ಥ್ರೆಡ್ ಉಳಿಯುತ್ತದೆ. ಕ್ರ್ಯಾಂಕಿನ ಕೆಳಗೆ, ಪಿನ್ ಇಳಿಯಲು ಜಾಗ ಬಿಟ್ಟು, ನೆಲದಿಂದ ಒಂದು ಕಬ್ಬಿಣದ ಪೈಪ್ ಆಸರೆ ಕೊಡಿ. ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಬಾಲ್ಸಿಗೆ, ಕಪ್ಪಿಗೆ ಹೋಗಿ ಗುಳಿ ಬೀಳುತ್ತದೆ. ಭಾರದ ಸುತ್ತಿಗೆಯಲ್ಲಿ ನೇರವಾದ ಒಂದು ಏಟು, ಸಣ್ಣ ಸುತ್ತಿಗೆಯ ಹತ್ತು ಏಟಿಗಿಂತ ವಾಸಿ. ಪಿನ್ ಬಾಗಿದ್ದರೆ ಹೊಸದು ತನ್ನಿ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಳತೆ ತೋರಿಸಿ.

ಆಮೇಲೆ ಎಡಗಡೆಯ ಲಾಕ್ ರಿಂಗ್ (ಕಪ್ ಜರುಗದಂತೆ ಹಿಡಿಯುವ ಬಳೆ) ಮತ್ತು ಕಪ್. ಇಲ್ಲಿ ಎಲ್ಲರೂ ಉಳಿಗೆ ಕೈ ಹಾಕುತ್ತಾರೆ. ಲಾಕ್ ರಿಂಗಿನ ಕಚ್ಚಿಗೆ ಉಳಿ ಇಟ್ಟು ಬಡಿದರೆ ಬಿಚ್ಚುತ್ತದೆ, ನಿಜ. ಆದರೆ ಎರಡನೇ ಸಲಕ್ಕೆ ಕಚ್ಚೇ ಇರುವುದಿಲ್ಲ. ಕೊಕ್ಕೆ ಇರುವ ಸಿ ಸ್ಪ್ಯಾನರ್ ಒಂದನ್ನು ಕೊಳ್ಳಿ. ಇದು ದುಬಾರಿ ಸಾಮಾನಲ್ಲ, ಲಾಕ್ ರಿಂಗಿನ ಕೆಲಸ ಇದರಲ್ಲೇ ಆಗುತ್ತದೆ. ಕಪ್ ಹೊರಬರುವಾಗ ಕೆಳಗೆ ಬಟ್ಟೆ ಹಾಸಿರಲಿ. ಒಂದೊಂದು ಬದಿಗೆ ಕಾಲು ಇಂಚಿನ 11 ಬಾಲ್ಸ್ ಇರುತ್ತವೆ. ಎಣಿಸಿಕೊಳ್ಳಿ.

ಇಲ್ಲೊಂದು ಸಣ್ಣ ಹೋಲಿಕೆ. ತಗಡಿನ ಬಳೆಯಲ್ಲಿ ಕೂರಿಸಿದ ಬಾಲ್ಸ್ ಕೂಡ ಸಿಗುತ್ತವೆ. ಹಾಕಲು ಸುಲಭ. ಆದರೆ ಬಳೆಯಲ್ಲಿ ಸಾಮಾನ್ಯವಾಗಿ 9 ಬಾಲ್ಸ್ ಮಾತ್ರ ಇರುತ್ತವೆ. ಬಿಡಿ ಬಾಲ್ಸ್ 11 ಹಾಕಿದರೆ ಭಾರ ಹೆಚ್ಚು ಬಾಲ್ಸಿಗೆ ಹಂಚಿಹೋಗುತ್ತದೆ. ಗ್ರೀಸ್ ದಪ್ಪಗೆ ಮೆತ್ತಿ, ಅದರಲ್ಲಿ ಒಂದೊಂದೇ ಅಂಟಿಸಿದರೆ ಬೀಳುವುದಿಲ್ಲ. ನಾನು ಬಿಡಿ ಬಾಲ್ಸನ್ನೇ ಹಾಕುವುದು.

ಇನ್ನು ಬಲಗಡೆ ಕಪ್. ಇದನ್ನು ಬಿಚ್ಚಲೇಬೇಕಾ? ಎಡಗಡೆಯಿಂದ ಬಟ್ಟೆ ತೂರಿಸಿ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಬಾಲ್ಸ್ ಓಡಿದ ದಾರಿ ನುಣ್ಣಗೆ ಹೊಳೆಯುತ್ತಿದ್ದರೆ ಮುಟ್ಟಬೇಡಿ. ಅಲ್ಲೇ ಗ್ರೀಸ್ ತುಂಬಿ ಜೋಡಿಸಿ. ಗುಳಿ ಅಥವಾ ಸಿಪ್ಪೆ ಎದ್ದ ಗುರುತು ಕಂಡರೆ ಮಾತ್ರ ಹೊರತೆಗೆಯಿರಿ. ತೆಗೆಯಲು ಮೂರು ದಾರಿ ಇವೆ.

ದೊಡ್ಡ ಸ್ಕ್ರೂ ಸ್ಪ್ಯಾನರ್ ಮೊದಲನೆಯದು. ಕಪ್ಪಿನ ಹೊರಗೆ ಎರಡು ಕಡೆ ಚಪ್ಪಟೆ ಅಂಚು ಇರುತ್ತದೆ, ಅದನ್ನು ಹಿಡಿದು ತಿರುಗಿಸುವುದು. ಆ ಅಂಚಿನ ದಪ್ಪ ಕೆಲವೇ ಮಿಲಿಮೀಟರ್. ವರ್ಷಗಟ್ಟಲೆ ಕೂತ ಕಪ್ಪಿಗೆ ಬಲ ಹಾಕಿದರೆ ಸ್ಪ್ಯಾನರ್ ಜಾರಿ ಅಂಚು ದುಂಡಾಗುತ್ತದೆ, ಬೆರಳ ಗೆಣ್ಣು ಚೈನ್ ಸ್ಟೇಗೆ (ಶೆಲ್ಲಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಬಡಿಯುತ್ತದೆ. ಈ ದಾರಿ ಹಿಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ವೈಸ್. ಚಕ್ರ ಎರಡನ್ನೂ ಕಳಚಿ, ಫ್ರೇಮಿನ ಬಲಮಗ್ಗುಲನ್ನು ಕೆಳಗೆ ಮಾಡಿ, ಕಪ್ಪಿನ ಚಪ್ಪಟೆ ಅಂಚನ್ನು ವೈಸಿನಲ್ಲಿ ಗಟ್ಟಿಯಾಗಿ ಕಚ್ಚಿಸಿ. ಈಗ ಇಡೀ ಫ್ರೇಮೇ ನಿಮ್ಮ ಸ್ಪ್ಯಾನರಿನ ಹಿಡಿ. ಮೇಲಿನಿಂದ ನೋಡುವಾಗ ಗಡಿಯಾರದ ಮುಳ್ಳಿನ ಕಡೆಗೆ ಫ್ರೇಮ್ ತಿರುಗಿಸಿದರೆ ಕಪ್ ಬಿಡುತ್ತದೆ. ಹಿಡಿತ ಅಂದರೆ ಇದು. ಮನೆಯಲ್ಲಿ ಗಟ್ಟಿ ವೈಸ್ ಇಲ್ಲದಿದ್ದರೆ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ “ಅಣ್ಣ, ಐದು ನಿಮಿಷ ವೈಸ್ ಕೊಡ್ತೀರಾ” ಅಂತ ಕೇಳಿ. ನನಗೆ ಯಾರೂ ಇಲ್ಲ ಅಂದಿಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಹಾರ್ಡ್‌ವೇರ್ ಅಂಗಡಿಯಿಂದ ಒಂದು ದಪ್ಪ ಬೋಲ್ಟ್, ನಟ್, ಎರಡು ದಪ್ಪ ವಾಷರ್, ಒಂದು ಸ್ಪ್ರಿಂಗ್ ವಾಷರ್ ತನ್ನಿ. ಕಪ್ಪಿನ ನಡುವಿನ ತೂತು ಅಳೆದು ಅದರಲ್ಲಿ ಹಿಡಿಯುವ ಬೋಲ್ಟ್ ಆರಿಸಿ, ಸಾಮಾನ್ಯವಾಗಿ 16 ಮಿ.ಮೀ. ಸರಿಯಾಗುತ್ತದೆ. ಬೋಲ್ಟನ್ನು ಹೊರಗಿನಿಂದ ತೂರಿಸಿ. ತಲೆಯ ಕೆಳಗೆ ಒಂದು ವಾಷರ್. ಕಪ್ಪಿನ ಒಳಗೆ ಇನ್ನೊಂದು ವಾಷರ್, ಸ್ಪ್ರಿಂಗ್ ವಾಷರ್, ನಟ್. ಶೆಲ್ಲಿನ ಎಡಬಾಯಿಂದ ಬಾಕ್ಸ್ ಸ್ಪ್ಯಾನರ್ ಬಿಟ್ಟು ನಟ್ಟನ್ನು ಹಿಡಿದುಕೊಂಡು, ಹೊರಗೆ ಬೋಲ್ಟಿನ ತಲೆಯನ್ನು 24ರ ಸ್ಪ್ಯಾನರಿನಲ್ಲಿ ಕೈಲಾದಷ್ಟು ಬಿಗಿ ಮಾಡಿ. ಆಮೇಲೆ ಒಳಗಿನ ಸ್ಪ್ಯಾನರ್ ತೆಗೆದು, ಬೋಲ್ಟನ್ನು ಬಿಗಿ ಮಾಡುವ ಕಡೆಗೇ ತಿರುಗಿಸುತ್ತಾ ಹೋಗಿ. ಬೋಲ್ಟ್ ಬಿಗಿಯಾಗುವ ದಿಕ್ಕೇ ಉಲ್ಟಾ ಥ್ರೆಡ್ ಕಪ್ ಬಿಚ್ಚುವ ದಿಕ್ಕು. ಕಪ್ ಎಷ್ಟು ಹಟ ಮಾಡುತ್ತದೋ ಬೋಲ್ಟಿನ ಹಿಡಿತ ಅಷ್ಟು ಜಾಸ್ತಿಯಾಗುತ್ತದೆ. ಜಾರಲು ಜಾಗವೇ ಇಲ್ಲ. ಇಟಾಲಿಯನ್ ಥ್ರೆಡ್ಡಿಗೆ ಮಾತ್ರ ಇದು ನಡೆಯುವುದಿಲ್ಲ.

ಗೇರ್ ಸೈಕಲ್: ಸೀಲ್ಡ್ ಬಿ.ಬಿ. ಮತ್ತು ಹೊರಗಿನ ಕಪ್

ಕ್ರ್ಯಾಂಕ್ ತೆಗೆದಾಗ ನಾಲ್ಕು ಮೂಲೆಯ ಆಕ್ಸಲ್ ತುದಿ ಕಂಡರೆ ಅದು ಸ್ಕ್ವೇರ್ ಟೇಪರ್. ಒಳಗೆ ಸಾಮಾನ್ಯವಾಗಿ ಸೀಲ್ಡ್ ಬಿ.ಬಿ. ಇರುತ್ತದೆ, ಅಂದರೆ ಆಕ್ಸಲ್, ಬೇರಿಂಗ್ ಎಲ್ಲ ಸೇರಿ ಮುಚ್ಚಿದ ಒಂದೇ ತುಂಡು. ಇದಕ್ಕೆ ಕ್ರ್ಯಾಂಕನ್ನು ಆಕ್ಸಲಿನಿಂದ ಎಳೆದು ತೆಗೆಯುವ ಕ್ರ್ಯಾಂಕ್ ಪುಲ್ಲರ್ ಬೇಕೇ ಬೇಕು. ಬೋಲ್ಟ್ ತೆಗೆದು ಸುಮ್ನೆ ನಾಲ್ಕು ಕಿಲೋಮೀಟರ್ ತುಳಿ, ಕ್ರ್ಯಾಂಕ್ ತಾನೇ ಬರುತ್ತೆ ಅನ್ನುವವರಿದ್ದಾರೆ. ಬರುತ್ತದೆ, ಆದರೆ ಚೌಕದ ತೂತು ಹಿಗ್ಗಿ ಆ ಕ್ರ್ಯಾಂಕ್ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಪುಲ್ಲರನ್ನು ಕೈಯಲ್ಲೇ ಪೂರ್ತಿ ಒಳಕ್ಕೆ ತಿರುಪಿ, ಆಮೇಲೆ ಒತ್ತಿ. ಬೋಲ್ಟಿನ ಕೆಳಗಿನ ವಾಷರ್ ಒಳಗೆ ಉಳಿದಿದೆಯಾ ನೋಡಿ. ಉಳಿದಿದ್ದರೆ ಪುಲ್ಲರ್ ಕ್ರ್ಯಾಂಕಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಕಪ್ಪಿಗೆ 20 ಹಲ್ಲಿನ ಟೂಲ್. ಸ್ಪ್ಯಾನರಿನಲ್ಲಿ ಹೊರಗಿನಿಂದ ಹಿಡಿಯುವ ಸಾದಾ ಟೂಲ್ ಒಂದು, ನಡುವೆ ತೂತಿದ್ದು ಬೋಲ್ಟಿನಿಂದ ಆಕ್ಸಲಿಗೆ ಕಟ್ಟಬಹುದಾದ ಟೂಲ್ ಇನ್ನೊಂದು. ಎರಡನೆಯದನ್ನು ಕೊಳ್ಳಿ. ಕಪ್ಪಿನ ಹಲ್ಲು ಬಹಳ ಆಳ ಇರುವುದಿಲ್ಲ, ಟೂಲ್ ಸ್ವಲ್ಪ ವಾರೆಯಾದರೂ ಕಿತ್ತುಹೋಗುತ್ತದೆ. ಕ್ರ್ಯಾಂಕ್ ಬೋಲ್ಟಿಗೆ ದೊಡ್ಡ ವಾಷರ್ ಹಾಕಿ ಟೂಲನ್ನು ಒತ್ತಿ ಹಿಡಿಸಿ, ಕಪ್ ಅಲುಗಿದ ಕೂಡಲೇ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಮುಂದುವರಿಸಿ. ಇದು ಮರೆತರೆ ಹೊರಗೆ ಬರುತ್ತಿರುವ ಕಪ್ಪನ್ನು ಬೋಲ್ಟೇ ತಡೆಯುತ್ತದೆ.

ಹೊಸ ಬಿ.ಬಿ. ಕೊಳ್ಳುವಾಗ ಎರಡು ಅಳತೆ ನೋಡಿ, ಶೆಲ್ಲಿನ ಅಗಲ ಮತ್ತು ಆಕ್ಸಲಿನ ಉದ್ದ. ಶೆಲ್ 68 ಅಥವಾ 73 ಮಿ.ಮೀ. ಉದ್ದ 110, 113, 118, 122.5 ಹೀಗೆ ಹಲವು ಇವೆ. ಹಳೆಯದರ ಮೇಲೆ ಬರೆದಿರುತ್ತದೆ, ಅದೇ ತನ್ನಿ. ಉದ್ದ ಬದಲಾದರೆ ಚೈನ್ ಲೈನ್, ಅಂದರೆ ಚೈನ್ ಮುಂದಿನಿಂದ ಹಿಂದಕ್ಕೆ ಓಡುವ ಗೆರೆ, ತಪ್ಪುತ್ತದೆ. ಎಡಗಡೆ ಪ್ಲಾಸ್ಟಿಕ್ ಕಪ್ ಬರುವ ಸೆಟ್ಟೂ ಇದೆ, ಲೋಹದ ಕಪ್ಪಿನ ಸೆಟ್ಟೂ ಇದೆ. ನಮ್ಮ ಮಳೆಯಲ್ಲಿ ಎರಡು ವರ್ಷ ಕೂತ ಪ್ಲಾಸ್ಟಿಕ್ ಕಪ್ಪಿನ ಹಲ್ಲು ಬಿಚ್ಚುವಾಗ ಪುಡಿಯಾಗಿದ್ದನ್ನು ನೋಡಿದ್ದೇನೆ. ಸ್ವಲ್ಪ ಜಾಸ್ತಿ ಕೊಟ್ಟು ಲೋಹದ್ದನ್ನೇ ತನ್ನಿ.

ಶಿಮಾನೋ ಹಾಲೋಟೆಕ್ 2 ತರದ ಕ್ರ್ಯಾಂಕಿನಲ್ಲಿ ಕಪ್ ಶೆಲ್ಲಿನ ಹೊರಗೇ ಕಾಣುತ್ತದೆ, ಸುತ್ತ 16 ಕಚ್ಚು. ಬಿಚ್ಚಲು ಎಲ್ಲಕ್ಕಿಂತ ಸುಲಭ ಇದೇ. ಎಡ ಕ್ರ್ಯಾಂಕಿನ ಎರಡು ಬೋಲ್ಟ್ 5ರ ಅಲೆನ್ ಕೀಯಲ್ಲಿ ಸಡಿಲಿಸಿ, ತುದಿಯ ಪ್ಲಾಸ್ಟಿಕ್ ಕ್ಯಾಪ್ ತೆಗೆದು, ಸಣ್ಣ ತಡೆ ಪಟ್ಟಿ ಎತ್ತಿದರೆ ಕ್ರ್ಯಾಂಕ್ ಬರುತ್ತದೆ. ಟೂಲ್ ಕೊಳ್ಳುವಾಗ ಮಾತ್ರ ಹುಷಾರು. ಹಳೇ ಕಪ್‌ಗಳ ಹೊರಸುತ್ತಿಗೆ 44 ಮಿ.ಮೀ. ಟೂಲ್, ಹೊಸ ಕೆಲವಕ್ಕೆ 41, ಇನ್ನು ಕೆಲವಕ್ಕೆ 39. ಕಪ್ ಅಳೆಯದೆ ಟೂಲ್ ತರಿಸಬೇಡಿ. ಬಾಯಿ ತೆರೆದ ಚಪ್ಪಟೆ ಸ್ಪ್ಯಾನರಿಗಿಂತ ಸುತ್ತ ಪೂರ್ತಿ ಹಿಡಿಯುವ ರಿಂಗ್ ಟೂಲ್ ಒಳ್ಳೆಯದು, ಕಪ್ ಅಲ್ಯೂಮಿನಿಯಂ ಆದ್ದರಿಂದ ಕಚ್ಚು ಬೇಗ ನುರಿಯುತ್ತದೆ. ತೆಳು ಸ್ಪೇಸರ್ ರಿಂಗುಗಳಿದ್ದರೆ ಯಾವ ಬದಿಗೆ ಎಷ್ಟಿತ್ತು ಅಂತ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ.

ಥ್ರೆಡ್ಡೇ ಇಲ್ಲದ ಪ್ರೆಸ್ ಫಿಟ್ ಕಪ್ ಇದ್ದರೆ ಅದನ್ನು ಮನೆಯಲ್ಲಿ ಬಡಿದು ತೆಗೆಯಬೇಡಿ, ಸರಿಯಾದ ಪ್ರೆಸ್ ಇರುವವರಲ್ಲಿ ಮಾಡಿಸಿ. ಚಿಕ್ಕ ಮಕ್ಕಳ ಸೈಕಲ್ಲಿನ ಒಂದೇ ತುಂಡಿನ ಬಾಗಿದ ಕ್ರ್ಯಾಂಕಿನಲ್ಲಿ ಕಪ್ ತೆಗೆಯುವ ಪ್ರಮೇಯ ಕಮ್ಮಿ. ಎಡ ಪೆಡಲ್ ಬಿಚ್ಚಿ, ಎಡಗಡೆಯ ಉಲ್ಟಾ ಥ್ರೆಡ್ ನಟ್ ಮತ್ತು ಕೋನ್ ತೆಗೆದರೆ ಗ್ರೀಸ್ ಹಾಕಲು ದಾರಿ ಆಗುತ್ತದೆ.

ಹಾಕುವಾಗ

ಬಿಚ್ಚುವುದಕ್ಕಿಂತ ಹಾಕುವಾಗ ಆಗುವ ನಷ್ಟ ದೊಡ್ಡದು. ಕಪ್ ಹೋದರೆ ಕಪ್ ಸಿಗುತ್ತದೆ, ಫ್ರೇಮಿನ ಥ್ರೆಡ್ ಹೋದರೆ ಫ್ರೇಮೇ ಹೋದಂತೆ. ಒಮ್ಮೆ ಒಂದು ಅಂಗಡಿಯಲ್ಲಿ ನನ್ನ ಸೈಕಲ್ಲಿನ ಕಪ್ಪನ್ನು ಮೊದಲ ಸುತ್ತಿನಿಂದಲೇ ಸ್ಪ್ಯಾನರಿನಲ್ಲಿ ತಿರುಗಿಸಿ ವಾರೆಯಾಗಿ ಕೂರಿಸಿದ್ದರು. ಅದನ್ನು ಸರಿ ಮಾಡಿಸಲು ಥ್ರೆಡ್ ಹೊಡೆಯುವ ಟ್ಯಾಪ್ ಹುಡುಕಿಕೊಂಡು ಬೆಂಗಳೂರಿಗೆ ಫ್ರೇಮ್ ಹೊತ್ತುಕೊಂಡು ಹೋಗಬೇಕಾಯಿತು.

ಹಾಗಾಗಿ ಮೊದಲ ಮೂರು ನಾಲ್ಕು ಸುತ್ತು ಬರೀ ಬೆರಳಲ್ಲೇ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಡೀಸೆಲ್ ಅದ್ದಿ ಥ್ರೆಡ್ ತೊಳೆದು, ಒರೆಸಿ, ಮತ್ತೆ ನೋಡಿ. ಕಬ್ಬಿಣದ ಫ್ರೇಮಿಗೆ ಮಾಮೂಲಿ ಗ್ರೀಸ್ ಧಾರಾಳವಾಗಿ ಹಚ್ಚಿ. ಅಲ್ಯೂಮಿನಿಯಂ ಫ್ರೇಮಿಗೆ ಉಕ್ಕಿನ ಕಪ್ ಆದರೆ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ.

ಎಷ್ಟು ಬಿಗಿ? ಹೊರಗಿನ ಕಪ್ಪಿಗೆ 35ರಿಂದ 50 ನ್ಯೂಟನ್ ಮೀಟರ್, ಸೀಲ್ಡ್ ಬಿ.ಬಿ.ಗೆ 50ರಿಂದ 70. ಇದಕ್ಕೆ ಟಾರ್ಕ್ ಸ್ಪ್ಯಾನರ್ ಕೊಳ್ಳಬೇಕಾ ಅಂತ ಕೇಳುತ್ತಾರೆ. ವರ್ಷಕ್ಕೊಮ್ಮೆಯ ಕೆಲಸಕ್ಕೆ ಬೇಡ. ನಮ್ಮೂರಲ್ಲಿ ಕಾಫಿ ಹಣ್ಣು ತೂಗುವ ಕೊಕ್ಕೆ ತಕ್ಕಡಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಆಕ್ಸಲಿನ ನಡುವಿನಿಂದ ಸರಿಯಾಗಿ 50 ಸೆಂ.ಮೀ. ದೂರಕ್ಕೆ, ಟೂಲಿನ ಹಿಡಿಗೋ ಅದಕ್ಕೆ ಸಿಕ್ಕಿಸಿದ ಪೈಪಿಗೋ ಗುರುತು ಹಾಕಿ. ಅಲ್ಲಿಗೆ ತಕ್ಕಡಿ ಕೊಕ್ಕೆ ಸಿಕ್ಕಿಸಿ, ಹಿಡಿಗೆ ನೇರ ಅಡ್ಡವಾಗಿ ಎಳೆಯಿರಿ. 8 ಕೆ.ಜಿ. ತೋರಿಸಿದರೆ ಸುಮಾರು 39 ನ್ಯೂಟನ್ ಮೀಟರ್. 12 ಕೆ.ಜಿ. ಅಂದರೆ ಸುಮಾರು 59. ನಮ್ಮ ಮಾವನ ತಕ್ಕಡಿಯಲ್ಲಿ ಹೀಗೆ ಬಿಗಿ ಮಾಡಿದ ಕಪ್‌ಗಳು ಒಂದೂ ಸಡಿಲವಾಗಿಲ್ಲ.

ಹಾಲೋಟೆಕ್ ಕ್ರ್ಯಾಂಕಿನ ಪ್ಲಾಸ್ಟಿಕ್ ಕ್ಯಾಪ್ ಮಾತ್ರ ಬೆರಳಿನ ಬಿಗಿ ಸಾಕು, ಆಮೇಲೆ ಎರಡು ಬೋಲ್ಟಿಗೆ 12ರಿಂದ 14 ನ್ಯೂಟನ್ ಮೀಟರ್. ಕಾಟರ್ ಸೈಕಲ್ಲಿನ ಎಡ ಕಪ್ಪಿಗೆ ಅಂಕಿ ಇಲ್ಲ. ಆಕ್ಸಲ್ ಅಲ್ಲಾಡದೆ, ಆದರೆ ಬೆರಳಲ್ಲಿ ಹಗುರಾಗಿ ತಿರುಗುವಷ್ಟು ಬಿಗಿ. ಲಾಕ್ ರಿಂಗ್ ಬಿಗಿ ಮಾಡುವಾಗ ಕಪ್ಪೂ ಸ್ವಲ್ಪ ಜರುಗುತ್ತದೆ, ಎರಡು ಮೂರು ಸಲ ಹೊಂದಿಸಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಶೆಲ್ಲಿನ ತಳದಲ್ಲಿ ಸಣ್ಣ ತೂತು ಇದ್ದರೆ ಕಡ್ಡಿ ಹಾಕಿ ಕೆಸರು ತೆಗೆಯಿರಿ. ಸೀಟ್ ಟ್ಯೂಬಿನಿಂದ ಇಳಿದ ಮಳೆನೀರಿಗೆ ಅದೊಂದೇ ಹೊರದಾರಿ.

ಮನೆಯೋ, ಅಂಗಡಿಯೋ

ಹೊರಗಿನ ಕಪ್ಪಿಗೆ ಟೂಲ್ ತಂದು ಮನೆಯಲ್ಲೇ ಮಾಡಿ. ಸೀಲ್ಡ್ ಬಿ.ಬಿ. ಕೂಡ ಮನೆಯಲ್ಲೇ, ಇಬ್ಬರು ಮೂವರು ಗೆಳೆಯರು ಸೇರಿ ಒಂದು ಪುಲ್ಲರ್, ಒಂದು ಟೂಲ್ ಕೊಂಡರೆ ಎಲ್ಲರಿಗೂ ಆಗುತ್ತದೆ. ಕಾಟರ್ ಸೈಕಲ್ಲಿಗೆ ನಮ್ಮೂರಿನ ಹಳೇ ಸೈಕಲ್ ಶಾಪಿನವರ ಕೈ ನನ್ನ ಕೈಗಿಂತ ಪಳಗಿದ್ದು. ನಿಮಗೆ ಕಲಿಯುವ ಆಸೆ ಇದ್ದರೆ ಮಾಡಿ, ಇಲ್ಲದಿದ್ದರೆ ಅವರಿಗೇ ಕೊಡಿ. ಅದನ್ನು ಸೀಲ್ಡ್ ಬಿ.ಬಿ.ಗೆ ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ, ಕ್ರ್ಯಾಂಕ್ ಸಮೇತ ಬದಲಾಗಬೇಕು. ವರ್ಷಕ್ಕೊಮ್ಮೆ ಹೊಸ ಬಾಲ್ಸ್, ಹೊಸ ಗ್ರೀಸ್ ಹಾಕಿದರೆ ಅದು ಚೆನ್ನಾಗಿಯೇ ಓಡುತ್ತದೆ.

ಕಪ್ ಕಚ್ಚಿಕೊಂಡು ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಒಳಗಿನಿಂದಲೂ ಹೊರಗಿನಿಂದಲೂ ಬಿಟ್ಟು ಎರಡು ರಾತ್ರಿ ಇಡಿ. ಆಮೇಲೆ ಶೆಲ್ಲಿನ ಮೇಲೆ ಬಿಸಿನೀರು ಸುರಿದು, ಇನ್ನೊಂದು ಸಲ ದಿಕ್ಕು ಖಚಿತ ಮಾಡಿಕೊಂಡು ಪ್ರಯತ್ನಿಸಿ. ಆಗಲೂ ಟೂಲ್ ಜಾರುವ ಲಕ್ಷಣ ಕಂಡರೆ ಅಲ್ಲಿಗೇ ಬಿಡಿ, ಹಲ್ಲು ಇನ್ನೂ ಉಳಿದಿರುವಾಗಲೇ ಅಂಗಡಿಗೆ ಒಯ್ಯಿರಿ. ಕೊಡುವ ಮೊದಲು “ಈ ಕಪ್ಪಿನ ಟೂಲ್ ನಿಮ್ಮಲ್ಲಿ ಇದೆಯಾ, ಒಮ್ಮೆ ತೋರಿಸ್ತೀರಾ” ಅಂತ ಕೇಳಿ. ಉಳಿ, ಸುತ್ತಿಗೆ ತೋರಿಸಿದರೆ ಸೈಕಲ್ ವಾಪಸ್ ತನ್ನಿ.